ವಸಡು ಗಟ್ಟಿಯಾಗುವವರೆಗೆ

ಗುರುವಾರ, ಮಾರ್ಚ್ 7

ಇಂದು ಉಪವಾಸ. ನೀರೂ ಇಲ್ಲದ ಉಪವಾಸ. ಬೆಳಿಗ್ಗೆ ಎದ್ದು ಮೆಟ್ಟಿಲು ಗುಡಿಸಿ ಒರೆಸಿದೆ. ತೊಟ್ಟಿಗೆ ನೀರು ತುಂಬಿಸಿದೆ. ನೆನೆಹಾಕಿದ್ದ ತಮ್ಮನ ಹಾಸಿಗೆ ಬಟ್ಟೆ ಹಿಂಡಿ ಮಹಡಿಯ ತಂತಿಗೆ ಹಾಕಿದೆ. ಹಲ್ಲಿಗೆ ಬ್ರಷ್ ತಾಗಿಸಲಿಲ್ಲ. ಉಪವಾಸದ ದಿನ ನಾನು ತಾಗಿಸುವುದಿಲ್ಲ. ಬ್ರಷ್ ತಾಗಿದರೆ ರಕ್ತ ಬರುತ್ತದೆ, ರಕ್ತ ಬಂದ ಬಾಯಲ್ಲಿ ದೇವರ ಹೆಸರು ಹೇಳುವುದು ಹೇಗೆ? ಬೆರಳಿನಿಂದ ಮೆಲ್ಲಗೆ ಸವರಿ, ಮುಕ್ಕಳಿಸಿ, ಪ್ರಾರ್ಥನೆಗೆ ಕುಳಿತೆ. ಮೊದಲು ಗುರುವಾರ ಮಾತ್ರ ಹೀಗಿತ್ತು. ಈಗೀಗ ಬೇರೆ ದಿನಗಳಲ್ಲೂ ಇಷ್ಟೇ ಸಾಕು ಅನ್ನಿಸುತ್ತಿದೆ.

ತಮ್ಮನ ಎರಡೂ ಕಿಡ್ನಿ ಕೈಕೊಟ್ಟು ವರ್ಷ ಕಳೆಯಿತು. ಆಸ್ಪತ್ರೆಯ ಯಂತ್ರ ಅವನ ರಕ್ತ ತೊಳೆದುಕೊಡುತ್ತದೆ, ಎರಡು ದಿನಕ್ಕೆ ಮತ್ತೆ ಹೋಗಬೇಕು. ಅವನ ಹೆಂಡತಿಯ ರಕ್ತ ಹೊಂದಲಿಲ್ಲ. ನನ್ನದು ಹೊಂದಿತು. ಯಾರೂ ಕೇಳುವ ಮುಂಚೆಯೇ "ನಾನು ಕೊಡ್ತೀನಿ" ಅಂದವಳು ನಾನು. ಗಂಡ ಹೋದ ಮೇಲೆ ಮಹಡಿಯ ಕೋಣೆ ಕೊಟ್ಟು ಇಟ್ಟುಕೊಂಡವನು ಅವನು. ಅನ್ನದೆ ಇರುವುದು ಹೇಗೆ?

ಹೃದಯ, ಶ್ವಾಸಕೋಶ, ರಕ್ತ, ಮೂತ್ರ ಎಲ್ಲ ಪರೀಕ್ಷೆಯೂ ಮುಗಿದಿತ್ತು. ಇವತ್ತು ಹಲ್ಲಿನ ವಿಭಾಗದಲ್ಲಿ ಒಂದು ಸಹಿ ಹಾಕಿಸಿಕೊಂಡು ಬಂದರೆ ಆಯಿತು ಎಂದು ಸಲೀಸಾಗಿ ಹೋದೆವು.

ವಸಡಿನ ಡಾಕ್ಟರು ನರೆಗೂದಲಿನ ಹೆಂಗಸು. ಮೊಂಡು ತುದಿಯ ಕಡ್ಡಿಯನ್ನು ಒಂದೊಂದು ಹಲ್ಲಿನ ಬುಡಕ್ಕೂ ಇಳಿಸಿ ಅಳತೆ ಕೂಗಿದರು, ನರ್ಸ್ ಬರೆದುಕೊಂಡಳು. "ಮೂರು, ಐದು, ಆರು. ಆರು, ಏಳು, ರಕ್ತ. ಏಳು, ಕೀವು." ನಾನು ಕೆಲಸ ಮಾಡುವ ದರ್ಜಿ ಅಂಗಡಿಯಲ್ಲಿ ಮಾಸ್ಟರ್ ಎದೆ, ಸೊಂಟ, ತೋಳು ಅಂತ ಕೂಗುತ್ತಾರಲ್ಲ, ಹಾಗೆಯೇ.

"ಹಲ್ಲಿಗೂ ವಸಡಿಗೂ ಮಧ್ಯೆ ಜೇಬು ಬಿದ್ದಿದೆ ಅಮ್ಮ. ಮೂರು ಮಿಲಿಮೀಟರ್ ಒಳಗೆ ಇರಬೇಕು. ನಿಮ್ಮದು ಏಳಕ್ಕೆ ಹೋಗಿದೆ. ಒಳಗೆಲ್ಲ ಹಲ್ಲಿನ ಕೊಳೆ ಗಟ್ಟಿಯಾಗಿ ಗಾರೆ ಕಟ್ಟಿದೆ."

"ನಾನು ಜೇಬು ಹೊಲಿಯೋಳೇ ಡಾಕ್ಟ್ರೇ" ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ.

"ಈ ಬಾಯಿ ಇಟ್ಕೊಂಡು ಆಪರೇಷನ್ ಟೇಬಲ್ ಮೇಲೆ ಮಲಗೋಕಾಗಲ್ಲ. ಇಲ್ಲಿಂದ ಸೋಂಕು ರಕ್ತಕ್ಕೆ ಇಳಿದ್ರೆ ನಿಮಗೂ ಅಪಾಯ, ನಿಮ್ಮ ತಮ್ಮನಿಗೂ ಅಪಾಯ. ಹೊಸ ಕಿಡ್ನಿ ಒಗ್ಗಲಿ ಅಂತ ಅವರ ಮೈಯ ಕಾವಲನ್ನೇ ಔಷಧಿ ಕೊಟ್ಟು ತಗ್ಗಿಸಿರ್ತಾರೆ. ಒಳಗಿನ ಗಾರೆ ಕೆರೆದು ತೆಗೀಬೇಕು. ಒಂದೊಂದು ಭಾಗಕ್ಕೆ ಒಂದೊಂದು ಸಲ ಬರಬೇಕು, ಆಮೇಲೆ ವಸಡು ಕೂಡಿಕೊಳ್ಳೋಕೆ ಕಾಯಬೇಕು. ಅದು ಗಟ್ಟಿಯಾಗೋವರೆಗೂ ನಾನು ಸಹಿ ಹಾಕಲ್ಲ."

ಹೊರಗೆ ಬಂದ ಮೇಲೆ ತಮ್ಮನ ಹೆಂಡತಿ ಹಣೆ ಚಚ್ಚಿಕೊಂಡಳು. "ಹೃದಯ ಪಾಸು, ಶ್ವಾಸಕೋಶ ಪಾಸು, ಹೋಗಿ ಹೋಗಿ ಹಲ್ಲಲ್ಲಿ ಫೇಲಾ ಅತ್ತಿಗೆ?"

ತಮ್ಮ ಗಾಲಿ ಕುರ್ಚಿಯಲ್ಲೇ ನಕ್ಕ. "ಅಕ್ಕ, ನಾವು ಕೇಳ್ತಿರೋದು ಕಿಡ್ನಿ, ಹಲ್ಲಿನ ಸೆಟ್ ಅಲ್ಲ ಅಂತ ಅವರಿಗೆ ಹೇಳಬೇಕಿತ್ತು ನೀನು."

ನಾವೂ ನಕ್ಕೆವು. ಬಸ್ಸಿನ ಕಡೆಗೆ ನಡೆಯುವಾಗ ನನ್ನ ಹೆಜ್ಜೆ ಯಾಕೋ ಹಗುರವಾಗಿತ್ತು. ಹೊಟ್ಟೆಯಲ್ಲಿ ಏನೂ ಇರಲಿಲ್ಲವಲ್ಲ, ಅದಕ್ಕೇ ಇರಬೇಕು.

ಶನಿವಾರ, ಮಾರ್ಚ್ 9

ಅಂಗಡಿಯಲ್ಲಿ ಒಂದು ಮದುವೆ ಮನೆಯ ಕೆಲಸ. ಅಂಗಿಗಳಿಗೆಲ್ಲ ಗುಂಡಿ ಹಾಕುತ್ತಿದ್ದೆ. ದಾರ ಕಚ್ಚಿ ಹರಿಯಲು ಹೋದಾಗ ಕೆಳಗಿನ ಮುಂದಿನ ಹಲ್ಲು ಅಲುಗಿತು. ಬಿಳಿ ಅಂಗಿಯ ಮೇಲೆ ರಕ್ತದ ಚುಕ್ಕೆ. ತಣ್ಣೀರು ಹಾಕಿ ತಿಕ್ಕಿ ತೆಗೆದೆ. ಮಾಸ್ಟರ್ ನೋಡಿಯೇಬಿಟ್ಟರು.

"ಕತ್ತರಿಗೇನು ಬರಗಾಲ ಬಂದಿದೆಯೇನಮ್ಮ ನಮ್ಮಂಗಡೀಲಿ?"

ಕೈ ಅಡ್ಡ ಹಿಡಿದು ನಕ್ಕೆ. ಈಗ ನಗುವಾಗ, ಮಾತಾಡುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ವಾಸನೆ ಬರುತ್ತದೆ ಎಂದು ನನಗೂ ಗೊತ್ತು.

ಮಧ್ಯಾಹ್ನ ತಮ್ಮನ ಹೆಂಡತಿ ಓಡೋಡಿ ಬಂದಳು. ಬಸ್ಸಿನಿಂದ ಕಂಡ ದೊಡ್ಡ ಫಲಕವೊಂದರ ಫೋಟೋ ಅವಳ ಫೋನಿನಲ್ಲಿತ್ತು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಸೂಜಿಯಿಲ್ಲ, ನೋವಿಲ್ಲ, ಲೇಸರ್‌ನಿಂದ ಒಂದೇ ದಿನದಲ್ಲಿ ವಸಡಿನ ರೋಗಕ್ಕೆ ವಿದಾಯ ಎಂದು ಬರೆದಿತ್ತು.

"ಒಂದೇ ದಿನ ಅತ್ತಿಗೆ! ಆ ಮುದುಕಿ ತಿಂಗಳುಗಟ್ಟಲೆ ಕೆರೀತೀನಿ ಅಂತಾಳೆ. ಅಲ್ಲೀವರೆಗೆ ನಮ್ಮವರು ಇರಬೇಕಲ್ಲ?"

ಮಾಸ್ಟರ್ ಕನ್ನಡಕ ಮೇಲೆತ್ತಿ ಓದಿದರು. "ಹೊಲಿಯಲ್ಲ ಅಂತ ಹೆಮ್ಮೆಯಿಂದ ಬರ್ಕೊಂಡಿದ್ದಾರೆ ನೋಡು. ನಾನು ಹಾಗೆ ಬೋರ್ಡ್ ಹಾಕಿದ್ರೆ ಗತಿಯೇನು?"

ನನಗೆ ಮಾತ್ರ ಹಿಡಿಸಿತು. ಬೆಳಕು ಬಿಟ್ಟು ರೋಗ ಸುಡುತ್ತಾರಂತೆ. ಬೆಳಕಿನಿಂದ ಗುಣವಾಗುವುದಾದರೆ ಅದು ದೇವರ ಕೆಲಸಕ್ಕೆ ಹತ್ತಿರದ್ದೇ.

ಶನಿವಾರ, ಮಾರ್ಚ್ 16

ಲೇಸರ್ ಆಯಿತು. ಚಿಕಿತ್ಸಾಲಯದ ನೆಲ ಕನ್ನಡಿಯಂತಿತ್ತು, ಚಪ್ಪಲಿ ಇಡಲೂ ಸಂಕೋಚ. ಡಾಕ್ಟರು ಚಿಕ್ಕ ವಯಸ್ಸಿನವರು, ನಗುಮುಖ. ಅಳತೆ ಕಡ್ಡಿ ಇಳಿಸುತ್ತಾರೆ ಎಂದು ಕಾದೆ. ಇಳಿಸಲಿಲ್ಲ. ಬಾಯಿಗೆ ದೀಪ ಹಿಡಿದು ನೋಡಿ, "ಓ, ಇದು ಲೇಸರ್‌ಗೆ ಹೇಳಿ ಮಾಡಿಸಿದ ಕೇಸು" ಎಂದರು. ಆಸ್ಪತ್ರೆಯಲ್ಲಿ ತೆಗೆದಿದ್ದ ದವಡೆ ಮೂಳೆಯ ಎಕ್ಸ್‌ರೇಯನ್ನು ತಮ್ಮನ ಹೆಂಡತಿ ಚೀಲದಿಂದ ತೆಗೆದು ಕೊಟ್ಟಳು. ಮೇಜಿನ ಮೇಲಿಟ್ಟರು, ಅಲ್ಲೇ ಉಳಿಯಿತು. ನಾನೇನೂ ಕೇಳಲಿಲ್ಲ. ಓದಿದವರನ್ನು ಏನಂತ ಕೇಳುವುದು?

ಸೂಜಿಯಿಲ್ಲ ಎಂದವರು ಎರಡು ಸೂಜಿ ಚುಚ್ಚಿದರು. ಮರಗಟ್ಟಿಸಲು ಬೇಕಂತೆ. ನನಗೂ ಅವರಿಗೂ ನರ್ಸಿಗೂ ದಪ್ಪ ಕನ್ನಡಕ. ಕೂದಲೆಳೆಯಂಥ ತಂತಿ ವಸಡಿನ ಸಂದಿಗೆ ಹೋಯಿತು. ಟಿಕ್ ಟಿಕ್ ಎಂಬ ಸದ್ದು. ಇಸ್ತ್ರಿಪೆಟ್ಟಿಗೆ ಉಣ್ಣೆ ಬಟ್ಟೆಯ ಮೇಲೆ ಮರೆತಾಗ ಬರುವ ವಾಸನೆ. ರಕ್ತ ಬರಲಿಲ್ಲ, ಅದು ನಿಜ. ನೋವೂ ಅಷ್ಟಿರಲಿಲ್ಲ. ಕಣ್ಣು ಮುಚ್ಚಿ ಉದ್ದಕ್ಕೂ ಪ್ರಾರ್ಥನೆ ಹೇಳಿಕೊಂಡೆ.

"ಮುಗೀತು ಆಂಟಿ. ಒಂದು ವಾರ ಆ ಜಾಗಕ್ಕೆ ಬ್ರಷ್ ತಾಗಿಸಬೇಡಿ, ಗಟ್ಟಿ ತಿನ್ನಬೇಡಿ. ಈ ಔಷಧಿ ನೀರಲ್ಲಿ ಮುಕ್ಕಳಿಸಿ."

ಬಸ್ಸಿನಲ್ಲಿ ತಮ್ಮನ ಹೆಂಡತಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಮದುವೆಯಾಗಿ ಬಂದ ಮೇಲೆ ಅವಳು ನನ್ನ ಕೈ ಹಿಡಿದದ್ದು ನೆನಪಿಲ್ಲ.

ಶನಿವಾರ, ಮಾರ್ಚ್ 23

ವಾರವಾಯಿತು. ಗಂಜಿ, ಬೇಯಿಸಿ ಕಿವುಚಿದ ತರಕಾರಿ, ಮುಕ್ಕಳಿಸುವ ನೀರು. ಯಾವುದೂ ಕಷ್ಟವಾಗಲಿಲ್ಲ. ರಕ್ತವೂ ಕಾಣಲಿಲ್ಲ. ಇಂದಿನಿಂದ ಬ್ರಷ್ ಹಾಕಬಹುದು.

ಹಾಕಲಿಲ್ಲ. ಒಂದು ವಾರದ ಕಟ್ಟುನಿಟ್ಟಿಗೆ ಇಷ್ಟು ಗುಣ ಕಂಡಿದೆ, ಬಿಡದೆ ಮುಂದುವರಿಸಿದರೆ ಎಷ್ಟು ಕಾಣಬೇಡ! ತಮ್ಮನ ಆಪರೇಷನ್ ಆಗುವವರೆಗೆ ಬ್ರಷ್ ಮುಟ್ಟುವುದಿಲ್ಲ, ಗಂಜಿ ಬಿಟ್ಟು ಬೇರೆ ತಿನ್ನುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡೆ. ಎದ್ದಾಗ ಮನಸ್ಸು ಶಾಂತವಾಗಿತ್ತು.

ಶನಿವಾರ, ಮಾರ್ಚ್ 30

ತಮ್ಮನಿಗೆ ಬೆಳಿಗ್ಗೆ ಉಸಿರು ಕಟ್ಟಿತು. ಎದೆಗೂಡಿಗೆ ನೀರು ಸೇರಿದೆಯಂತೆ. ಸರದಿಯ ದಿನವಲ್ಲದಿದ್ದರೂ ಯಂತ್ರಕ್ಕೆ ಹಾಕಿದರು. ಕಿಡ್ನಿ ಡಾಕ್ಟರು ಏಪ್ರಿಲ್ ಕೊನೆಗೆ ಆಪರೇಷನ್ ಇಟ್ಟುಕೊಳ್ಳೋಣ ಎಂದರು. ಹಲ್ಲಿನ ವಿಭಾಗದ ಸಹಿ ಬಂದರೆ.

"ಬರುತ್ತೆ ಡಾಕ್ಟ್ರೇ, ಲೇಸರ್ ಮಾಡಿಸಿದ್ದೀವಲ್ಲ" ಎಂದಳು ಅವನ ಹೆಂಡತಿ.

ವ್ರತ ನಡೆದಿದೆ. ಬಾಯಲ್ಲಿ ಮತ್ತೆ ಆ ಉಪ್ಪುಪ್ಪು ರುಚಿ. ಗಂಜಿಯ ಉಪ್ಪಿರಬೇಕು.

ಗುರುವಾರ, ಏಪ್ರಿಲ್ 11

ಉಪವಾಸ. ಎಲ್ಲ ಬರೆಯುತ್ತೇನೆ, ಇಲ್ಲದಿದ್ದರೆ ಎದೆ ಬಿರಿಯುತ್ತದೆ.

ವಸಡಿನ ಡಾಕ್ಟರು ಕಡ್ಡಿ ಇಳಿಸುವ ಮೊದಲೇ, ತುಟಿ ಸರಿಸಿದ ಕೂಡಲೇ ರಕ್ತ ಬಂತು. ಅವರು ಅಳತೆ ಕೂಗಿದರು. ಏಳು. ಏಳು. ಎಂಟು.

"ಲೇಸರ್ ಮಾಡಿಸಿದ್ರಂತೆ. ಮಾಡಿಸಿ ಆಮೇಲೆ ಏನ್ ಮಾಡಿದ್ರಿ?"

"ಅವರು ಹೇಳಿದ ಹಾಗೇ ಮಾಡಿದೆ. ಬ್ರಷ್ ತಾಗಿಸಲಿಲ್ಲ."

"ಎಷ್ಟು ದಿನ?"

"ಇವತ್ತಿನವರೆಗೂ."

ಡಾಕ್ಟರು ಕಡ್ಡಿ ಕೆಳಗಿಟ್ಟರು. "ಅವರು ಇವತ್ತಿನವರೆಗೂ ಅಂದಿದ್ರಾ?"

"ಒಂದು ವಾರ ಅಂದಿದ್ರು. ಹೆಚ್ಚು ಮಾಡಿದ್ರೆ ಹೆಚ್ಚು ಫಲ ಅಂತ ನಾನೇ…"

ನರ್ಸ್ ಬಾಯಿಗೆ ಕೈ ಇಟ್ಟುಕೊಂಡಳು. ಡಾಕ್ಟರು ಬೈಯುತ್ತಾರೆ ಎಂದುಕೊಂಡೆ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಅಮ್ಮ, ಲೇಸರ್ ಕೆಟ್ಟದ್ದಲ್ಲ. ಅದೊಂದು ಸಲಕರಣೆ. ನಿಮ್ಮ ಅಂಗಡೀಲಿ ಒಳ್ಳೇ ಇಸ್ತ್ರಿಪೆಟ್ಟಿಗೆ ಇದ್ದ ಹಾಗೆ. ಬಟ್ಟೆ ಒಗೀದೆ ಇಸ್ತ್ರಿ ಹಾಕಿದ್ರೆ?"

"ಕೊಳೆ ಅಂಟ್ಕೊಂಡೇ ಇರುತ್ತೆ."

"ಅಷ್ಟೇ. ಒಳಗಿನ ಗಾರೆ ಕೆರೆದು ತೆಗೆದ ಮೇಲೆ ಕೆಲವರಿಗೆ ಲೇಸರ್ ಒಂದಿಷ್ಟು ನೆರವಾಗಬಹುದು. ಕೆಲವರಿಗೆ ಅದೂ ಇಲ್ಲ. ಗಾರೆ ಅಲ್ಲೇ ಬಿಟ್ಟು ಬರೀ ಬೆಳಕು ಹಾಯಿಸಿದ್ರೆ ವಾರದಲ್ಲಿ ರೋಗದ ಹುಳ ವಾಪಸ್ ಬರ್ತಾವೆ. ಹೋದ ಮೂಳೆಯನ್ನಂತೂ ಯಾವ ಬೆಳಕೂ ಮೊದಲಿದ್ದ ಹಾಗೆ ತುಂಬಿಕೊಡಲ್ಲ. ಮಿಕ್ಕಿದ್ದೆಲ್ಲ ದಿನಾ ನೀವು ಮಾಡಬೇಕಾದ ಕೆಲಸ. ಅದಕ್ಕೂ ಮುಂಚೆ ದಿನಾ ಸರಿಯಾಗಿ ಉಜ್ಜುತ್ತಿದ್ರಾ?"

ಉಪವಾಸದ ದಿನದ ಸಂಗತಿ ಹೇಳಬೇಕಾಯಿತು. ರಕ್ತ ಬರುತ್ತದೆಂದು ಬಿಟ್ಟದ್ದು, ಒಂದು ದಿನದ್ದು ಏಳು ದಿನಕ್ಕೆ ಹಬ್ಬಿದ್ದು. ಅವರು ನಿಧಾನವಾಗಿ ಹೇಳಿದರು, ಮಗುವಿಗೆ ಹೇಳುವ ಹಾಗಲ್ಲ, ಸರೀಕರಿಗೆ ಹೇಳುವ ಹಾಗೆ: "ಬ್ರಷ್‌ನಿಂದ ರಕ್ತ ಬರ್ತಿಲ್ಲ. ರೋಗದಿಂದ ಬರ್ತಿದೆ. ಉಜ್ಜದೆ ಬಿಟ್ಟಷ್ಟೂ ಬರುತ್ತೆ. ಮೆತ್ತನೆ ಬ್ರಷ್ ಹಿಡಿದು ರಕ್ತ ಬಂದ್ರೂ ಉಜ್ಜಿ, ಆಗಲೇ ನಿಲ್ಲೋದು. ಮತ್ತೆ ಉಪವಾಸದಲ್ಲಿ ನೀರು ಕುಡೀರಿ. ಒಣ ಬಾಯಿಗೂ ಒಳ್ಳೇದಲ್ಲ, ಕಿಡ್ನಿಗೂ ಒಳ್ಳೇದಲ್ಲ."

ಸಹಿ ಹಾಕಲಿಲ್ಲ. ಏಪ್ರಿಲ್ ಆಪರೇಷನ್ ಇಲ್ಲ. ಮುಂದಿನ ಗುರುವಾರ ಕೆರೆಯಲು ಶುರು ಮಾಡೋಣ ಎಂದರು.

ಹೊರಗೆ ಬೆಂಚಿನ ಮೇಲೆ ತಮ್ಮ ನಿದ್ದೆ ಹೋಗಿದ್ದ. ಅವನ ಪಾದ ಚಪ್ಪಲಿಯಿಂದ ಉಬ್ಬಿ ಹೊರಗೆ ಬಂದಿತ್ತು.

ಶುಕ್ರವಾರ, ಏಪ್ರಿಲ್ 12

ಪಾತ್ರೆ ತೊಳೆಯಲು ಕೆಳಗೆ ಹೋಗಿದ್ದೆ. ತಮ್ಮ ಮಲಗಿದ್ದ. ಅವನ ಹೆಂಡತಿ ನಲ್ಲಿ ಜೋರಾಗಿ ಬಿಟ್ಟಳು, ಅವನಿಗೆ ಕೇಳದಿರಲಿ ಎಂದು.

"ಒಂದು ಮಾತು ಕೇಳ್ತೀನಿ ಅತ್ತಿಗೆ. ಹಲ್ಲುಜ್ಜಬೇಕು ಅಂತ ಐವತ್ತು ವರ್ಷದವರಿಗೆ ಗೊತ್ತಿರಲ್ವಾ?"

"ವ್ರತ ಅಂತ ಮಾಡಿದೆ ಕಣೇ. ಅವನಿಗೋಸ್ಕರಾನೇ."

"ಅವರಿಗೋಸ್ಕರ ಅಲ್ಲ. ಕೊಡೋ ಮನಸ್ಸಿಲ್ಲ ಅಂದ್ರೆ ನೇರ ಹೇಳಿಬಿಡಿ. ದೇವರನ್ನ ಯಾಕೆ ಅಡ್ಡ ತರ್ತೀರಿ?"

ನನ್ನ ಕೈಲಿದ್ದ ಪಾತ್ರೆ ತೊಟ್ಟಿಗೆ ಬಿತ್ತು. ಅವಳು ನಲ್ಲಿ ನಿಲ್ಲಿಸಿ ಹೋದಳು. ನಾನು ಉಳಿದ ಪಾತ್ರೆ ತೊಳೆದಿಟ್ಟೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಎಂಥ ಮಾತು! ನಾಲಿಗೆಗೆ ಎಲುಬಿಲ್ಲದ ಹೆಂಗಸು.

ಮಂಗಳವಾರ, ಏಪ್ರಿಲ್ 16

ಆಸ್ಪತ್ರೆಯಲ್ಲಿ ದಾನ ಕೊಡುವವರನ್ನು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುವ ಮೇಡಂ ಒಬ್ಬರಿದ್ದಾರೆ. ಮನೆಯವರು ಜೊತೆಗೆ ಇರುವಂತಿಲ್ಲ. ಚಿಕ್ಕ ಕೋಣೆ, ಎರಡು ಕುರ್ಚಿ, ನಿಂತುಹೋದ ಗಡಿಯಾರ.

"ನೀವು ಬೇಡ ಅನ್ನಬಹುದು ಅಂತ ನಿಮಗೆ ಗೊತ್ತಾ?" ಎಂದು ಕೇಳಿದರು.

ಇಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ಈಗಲೂ ಅನ್ನಬಹುದು. ಆಪರೇಷನ್ ದಿನ ಬೆಳಿಗ್ಗೆಯೂ ಅನ್ನಬಹುದು. ಯಾಕೆ ಅಂತ ನಾವು ಮನೆಯವರಿಗೆ ಹೇಳಲ್ಲ. ಇವರು ಕೊಡೋಕೆ ತಕ್ಕವರಲ್ಲ ಅಂತಷ್ಟೇ ಹೇಳ್ತೀವಿ. ನಿಮ್ಮ ಉತ್ತರ ನಿಮ್ಮ ಕೈಬರಹದಲ್ಲೇ ನನಗೆ ಬೇಕು. ಅವಸರವಿಲ್ಲ, ಹಲ್ಲಿನ ಡಾಕ್ಟರ ಸಹಿ ಬಂದ ಮೇಲೆ ಕೊಟ್ರೆ ಸಾಕು. ಹೆದರಿಕೆ ಇದೆಯಾ?"

ಹೆದರಿಕೆಯೇನೂ ಇಲ್ಲ ಮೇಡಂ, ದೇವರಿದ್ದಾನೆ ಎಂದೆ. ಅವರು ತಲೆಯಾಡಿಸಿ ಪೆನ್ನು ಕೆಳಗಿಟ್ಟರು. ಆಗ ನನ್ನ ಬಾಯಿಂದ ತಾನಾಗಿ ಬಂತು: ನನ್ನ ಗಂಡ ಸಣ್ಣ ಆಪರೇಷನ್ ಅಂತ ನಗುತ್ತ ಒಳಗೆ ಹೋದವರು, ಆಚೆಗೆ ಬಂದಾಗ ಮುಖದ ಮೇಲೂ ಬಟ್ಟೆ ಮುಚ್ಚಿತ್ತು. ಅದನ್ನು ಯಾಕೆ ಹೇಳಿದೆನೋ. ಅವರು ಕೇಳಿದ್ದು ಅದಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಒಂದು ಯೋಚನೆ ಬಂತು. ಬಾಯಿ ಹೀಗೇ ಇದ್ದರೆ ಸಾಕು. ನಾನೇನೂ ಬರೆದು ಕೊಡಬೇಕಾಗಿಲ್ಲ. ಯಾರಿಗೂ ಇಲ್ಲ ಅನ್ನಬೇಕಾಗಿಲ್ಲ. ಅಯ್ಯೋ ಪಾಪ, ಕೊಡಬೇಕಂತಲೇ ಇದ್ದಳು, ವಸಡು ಕೈಬಿಟ್ಟಿತು ಅನ್ನುತ್ತಾರೆ.

ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ, ಇರಲಿ.

ಬುಧವಾರ, ಏಪ್ರಿಲ್ 17

ಹಲ್ಲುಜ್ಜಲಿಲ್ಲ.

ಗುರುವಾರ, ಏಪ್ರಿಲ್ 18

ಉಪವಾಸ. ಕೆರೆಯಿಸಿಕೊಳ್ಳಲು ಹೋಗಬೇಕಿತ್ತು. ಬಸ್ ನಿಲ್ದಾಣದವರೆಗೆ ಹೋದೆ. ಬಸ್ ಬಂತು, ಹೋಯಿತು. ಬಿಸಿಲು ಹೆಚ್ಚಿತ್ತು, ತಲೆ ಸುತ್ತಿದಂತಾಯಿತು. ವಾಪಸ್ ಬಂದೆ. ಪ್ರಾರ್ಥನೆಯಲ್ಲಿ ಅರ್ಧಕ್ಕೇ ಮಾತು ಮರೆತುಹೋಯಿತು. ಹುಡುಗಿಯಾಗಿದ್ದಾಗ ಕಲಿತದ್ದು, ಇವತ್ತಿನವರೆಗೆ ಮರೆತಿರಲಿಲ್ಲ.

ಶನಿವಾರ, ಏಪ್ರಿಲ್ 20

ಬಾಗಿಲ ಹೊರಗೆ ಏದುಸಿರು ಕೇಳಿಸಿತು. ತಮ್ಮ ಮೆಟ್ಟಿಲು ಹತ್ತಿ ಬಂದಿದ್ದ. ಹತ್ತಬಾರದು ಎಂದಿದ್ದಾರೆ. ಎರಡು ಕಡೆ ಕೂತು ಕೂತು ಬಂದನಂತೆ. ಕೈಯಲ್ಲಿ ಒಂದು ಪ್ಯಾಂಟು.

ಅವನ ಪ್ಯಾಂಟುಗಳಿಗೆಲ್ಲ ನಾನು ಎರಡೆರಡು ಗುಂಡಿ ಹಾಕಿದ್ದೇನೆ. ಯಂತ್ರಕ್ಕೆ ಹೋಗಿಬಂದ ದಿನ ಹೊಟ್ಟೆ ಇಳಿದಿರುತ್ತದೆ, ಒಳಗಿನ ಗುಂಡಿ. ಹೋಗುವ ದಿನ ನೀರು ತುಂಬಿ ಊದಿರುತ್ತದೆ, ಹೊರಗಿನ ಗುಂಡಿ. "ನನ್ನ ಹೊಟ್ಟೆಗೆ ಎರಡು ಋತು" ಎನ್ನುತ್ತಾನೆ.

"ಅಕ್ಕ, ಇದಕ್ಕೆ ಇನ್ನೊಂದು ಹಾಕಿಕೊಡು. ಇದರಾಚೆ."

"ಇದರಾಚೆನಾ?"

"ಹೊರಗಿನದೂ ಹತ್ತುತ್ತಿಲ್ಲ ಕಣೆ. ಅವಳಿಗೆ ಹೇಳಬೇಡ. ಬೆಲ್ಟ್ ಹಾಕ್ಕೊಂಡು ಮೇಲೆ ಅಂಗಿ ಬಿಟ್ಟು ನಾಟಕ ಮಾಡ್ತಿದ್ದೀನಿ."

ಮಂಚದ ಅಂಚಿಗೆ ಕೂತು ಕಣ್ಣು ಮುಚ್ಚಿದ. ನಾನು ದಾರ ಪೋಣಿಸಿದೆ. ಸೊಂಟಪಟ್ಟಿಯಲ್ಲಿ ಜಾಗವೇ ಇರಲಿಲ್ಲ, ಒಂದು ತುಂಡು ಬಟ್ಟೆ ಒಳಗಿಂದ ಕೊಟ್ಟು ಉದ್ದ ಮಾಡಿ, ಅದರ ತುದಿಗೆ ಗುಂಡಿ ಕೂರಿಸಿದೆ. ಅವನು ನನ್ನ ಬಾಯಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಸಹಿ ಯಾವಾಗ, ಆಪರೇಷನ್ ಯಾವಾಗ, ಏನೂ ಕೇಳಲಿಲ್ಲ. ಹಾಕಿಕೊಂಡು ನೋಡಿ, "ಇದು ಮಳೆಗಾಲದ ಗುಂಡಿ" ಎಂದ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಗೋಡೆ ಹಿಡಿದ.

ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ಹಲ್ಲುಜ್ಜಿದೆ. ನೀರು ಕೆಂಪಗಾಯಿತು. ತಿಳಿಯಾಗುವವರೆಗೆ ಉಜ್ಜಿದೆ.

ಸೋಮವಾರ, ಏಪ್ರಿಲ್ 22

ಬಲಗಡೆ ಕೆಳಗಿನ ಭಾಗ ಕೆರೆದರು. ಗುರುವಾರ ಯಾಕೆ ಬರಲಿಲ್ಲ ಎಂದು ಡಾಕ್ಟರು ಕೇಳಲಿಲ್ಲ. "ಬಂದ್ರಲ್ಲ, ಕೂತ್ಕೊಳ್ಳಿ" ಎಂದರು ಅಷ್ಟೇ. ಮರಗಟ್ಟಿಸಿದ್ದರೂ ಕೆರೆಯುವ ಸದ್ದು ತಲೆಯೊಳಗೆಲ್ಲ ಓಡಾಡಿತು, ಬಾಣಲೆ ತಳ ಹೆರೆದಂತೆ. ತೆಗೆದದ್ದನ್ನು ಬಟ್ಟೆಯ ಮೇಲಿಟ್ಟು ತೋರಿಸಿದರು. ಕಪ್ಪು ಜಲ್ಲಿ. ಇಷ್ಟು ದಿನ ಇದನ್ನಿಟ್ಟುಕೊಂಡು ಪ್ರಾರ್ಥನೆ ಮಾಡುತ್ತಿದ್ದೆ.

ಇವತ್ತು ನಾನೇ ಕೇಳಿದೆ. ಎಷ್ಟು ಆಳ, ಯಾವ ಹಲ್ಲು ಉಳಿಯುತ್ತದೆ, ಯಾವುದು ಇಲ್ಲ, ನಾನು ಏನು ಮಾಡಬೇಕು, ಎಷ್ಟು ದಿನ. ಮುಂದಿನ ಎರಡು ಹಲ್ಲಿಗೆ ಮೂಳೆಯೇ ಉಳಿದಿಲ್ಲ, ತೆಗೆಯಬೇಕಾಗಬಹುದು ಎಂದು ಎಕ್ಸ್‌ರೇ ಹಿಡಿದು ತೋರಿಸಿದರು. ಸಂದಿಯಲ್ಲಿ ಹಾಯಿಸುವ ಪುಟ್ಟ ಬ್ರಷ್ ಕೊಟ್ಟರು. ಸೂಜಿಗೆ ದಾರ ಪೋಣಿಸುವವಳಿಗೆ ಇದೇನು ಮಹಾ. ಎರಡನೇ ಸಲಕ್ಕೇ ಕೈ ಹತ್ತಿತು.

ಗುರುವಾರ, ಏಪ್ರಿಲ್ 25

ಉಪವಾಸ. ನೀರು ಕುಡಿದೆ. ಪ್ರಾರ್ಥನೆಗೆ ಮೊದಲು ಹಲ್ಲುಜ್ಜಿದೆ. ರಕ್ತ ಬಂತು. ತೊಳೆದುಕೊಂಡು ಹಾಗೇ ಹೋಗಿ ಕುಳಿತೆ. ಮೊದಲ ಸಾಲನ್ನು ಎರಡು ಸಲ ಹೇಳಬೇಕಾಯಿತು. ಆಮೇಲೆ ಸರಿಹೋಯಿತು. ರಕ್ತ ಮಾಂಸದಿಂದಲೇ ನಮ್ಮನ್ನು ಮಾಡಿದವನು ಅದನ್ನು ಕಂಡು ಮುಖ ತಿರುಗಿಸುತ್ತಾನೆಯೇ?

ಶನಿವಾರ, ಮೇ 11

ಎಲ್ಲ ಭಾಗವೂ ಕೆರೆದು ಮುಗಿಯಿತು. ಈ ವಾರ ಉಗುಳಿದ ನೀರು ಬೆಳ್ಳಗೇ ಇದೆ. ತಮ್ಮನನ್ನು ಮಾತ್ರ ಎರಡು ಸಲ ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಅವನ ಹೆಂಡತಿ ನನ್ನೊಡನೆ ಬೇಕಾದ ಮಾತಷ್ಟೇ ಆಡುತ್ತಾಳೆ. ಆದರೆ ಬೆಳಿಗ್ಗೆ ಎದ್ದಾಗ ಬಿಸಿ ಉಪ್ಪುನೀರಿನ ಚೊಂಬು ಮೆಟ್ಟಿಲ ಮೇಲಿರುತ್ತದೆ.

ಅಂಗಡಿಗೆ ಬಂದ ಗಿರಾಕಿ ಹೆಂಗಸೊಬ್ಬಳು ಅದೇ ಫಲಕ ನೋಡಿದಳಂತೆ. "ಲೇಸರ್ ಮಾಡಿಸಿದ್ರೆ ವಸಡಿನ ರೋಗ ಹೋಗೇಬಿಡುತ್ತಂತಲ್ಲ?" ಎಂದು ಮಾಸ್ಟರನ್ನು ಕೇಳಿದಳು.

"ಆ ವಿದ್ಯೆ ನಮ್ಮಂಗಡಿಯ ಈ ಅಮ್ಮನ್ನ ಕೇಳಿ. ಇವರು ಅದರಲ್ಲಿ ಪಂಡಿತರು."

"ಹೋಗಿ, ಆದ್ರೆ ಬಾಯಿ ಮುಚ್ಕೊಂಡು ಹೋಗಬೇಡಿ" ಎಂದೆ. "ಮೊದಲು ಅಳತೆ ತಗೋಳ್ಳಿ ಅನ್ನಿ. ಅಳತೆ ತಗೋಳ್ಳದೆ ಕತ್ತರಿಸೋ ದರ್ಜಿ ಹತ್ರ ನೀವು ಬಟ್ಟೆ ಕೊಡ್ತೀರಾ? ಎಕ್ಸ್‌ರೇ ನೋಡಿ ಅನ್ನಿ. ಒಳಗಿನ ಗಾರೆ ಕೆರೆದು ತೆಗೀತೀರಾ, ಇಲ್ಲ ಬರೀ ಬೆಳಕು ಬಿಡ್ತೀರಾ ಅಂತ ಕೇಳಿ. ಲೇಸರ್ ಇಲ್ಲದೇನೇ ಇದು ಗುಣವಾಗಲ್ವಾ ಅಂತಾನೂ ಕೇಳಿ. ಆಮೇಲೆ ನಾನೇನು ಮಾಡಬೇಕು, ಯಾವ ದಿನದಿಂದ ಮತ್ತೆ ಉಜ್ಜಬೇಕು ಅಂತ ಕೇಳ್ಕೊಳ್ಳಿ. ಹೇಳಿದಷ್ಟೇ ಮಾಡಿ. ಭಕ್ತಿ ಜಾಸ್ತಿಯಾಗಿ ಅದಕ್ಕೆ ಇನ್ನೊಂದು ತಿಂಗಳು ಸೇರಿಸಬೇಡಿ."

"ಸೇರಿಸೋರೂ ಇರ್ತಾರಾ?"

"ಇರ್ತಾರೆ" ಎಂದರು ಮಾಸ್ಟರ್. ಮೂವರೂ ನಕ್ಕೆವು. ಕೈಯಲ್ಲಿ ಅಂಗಿ ಹಿಡಿದಿದ್ದೆ, ಕೈ ಬಾಯಿಗೆ ಹೋಗಲಿಲ್ಲ.

ಗುರುವಾರ, ಮೇ 23

ಉಪವಾಸ ಇವತ್ತು ಮುರಿಯಬೇಕಾಯಿತು. ಹಲ್ಲು ಕೀಳುವ ಮುಂಚೆ ತಿಂದು ಬನ್ನಿ ಎಂದಿದ್ದರು. ತಿಂದು ಹೋದೆ.

ಮೊದಲು ಅಳತೆ. "ಮೂರು, ಮೂರು, ಎರಡು. ಮೂರು, ನಾಲ್ಕು, ರಕ್ತವಿಲ್ಲ." ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದಿದ್ದೆ. ಒಂದೊಂದು ಅಂಕಿಗೂ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಾಯಿ ಇನ್ನು ನನ್ನನ್ನು ಕಾಪಾಡುವುದಿಲ್ಲ. ಇದನ್ನು ಬರೆಯಲು ಇವತ್ತು ನಾಚಿಕೆಯಾಗುತ್ತಿಲ್ಲ.

ಆಮೇಲೆ ಮುಂದಿನ ಎರಡು ಹಲ್ಲು ತೆಗೆದರು. ಬಂದದ್ದು ತಿಳಿಯಲೇ ಇಲ್ಲ, ಅಷ್ಟು ಸಡಿಲವಾಗಿದ್ದವು. ಹತ್ತಿಬಟ್ಟೆ ಕಚ್ಚಿಸಿ, "ಒಂದು ಗಂಟೆ ಕಚ್ಚಿ ಹಿಡೀರಿ, ಇವತ್ತು ಮಾತು ಬೇಡ, ಓಡಾಟ ಬೇಡ. ಒಂದು ಗಂಟೆ ಅಂದ್ರೆ ಒಂದು ಗಂಟೆ, ನಾಳೆವರೆಗೆ ಅಲ್ಲ" ಎಂದರು. ಮೊದಲ ಸಲ ನನ್ನೊಡನೆ ನಕ್ಕರು. ಗಾಯ ಮಾಯಲು ಸ್ವಲ್ಪ ದಿನ ಕೊಡಿ, ಅಷ್ಟೇ, ಬಾಯಿ ಈಗ ಚೊಕ್ಕ ಎಂದು ಬರೆದು ಸಹಿ ಹಾಕಿದರು.

ಮಾತಾಡಿಸುವ ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು. "ದಾನಕ್ಕೆ ಒಪ್ಪಿಗೆ ಕೊಡೋ ಸಮಿತಿ ನಾಳೆ ಕೂರುತ್ತೆ. ಇವತ್ತು ಸಂಜೆಯೊಳಗೆ ನಿಮ್ಮ ಉತ್ತರ ನನ್ನ ಕೈ ಸೇರಬೇಕು. ಏನೇ ಇರಲಿ, ನಿಮ್ಮದಾಗಿರಲಿ" ಎಂದರು. ಬಾಯಲ್ಲಿ ಬಟ್ಟೆಯಿತ್ತು, ತಲೆಯಾಡಿಸಿದೆ. ಆಗಲಿ ಎಂದಲ್ಲ, ಕೇಳಿಸಿತು ಎಂದು.

ಮನೆಗೆ ಬಂದು ದಿಂಬಿಗೆ ಒರಗಿ ಕೂತಿದ್ದೇನೆ. ಕಾಗದ ಎದುರಿಗಿದೆ. ಪ್ರಾರ್ಥನೆ ಮಾಡಿದೆ. ಹೇಳಿಕೊಡು ಎಂದು ಕೇಳಿಕೊಂಡೆ. ಏನೂ ಕೇಳಿಸಲಿಲ್ಲ. ಕೆಳಗೆ ತಮ್ಮನ ಹೆಂಡತಿ ಯಂತ್ರಕ್ಕೆ ಹೋಗಲು ಚೀಲ ತುಂಬುತ್ತಿರುವ ಸದ್ದು, ತಮ್ಮನ ಕೆಮ್ಮು. ದೇವರು ಮಾತಾಡುವವರೆಗೆ ಕಾಯುತ್ತ ಕೂತರೆ ಬಸ್ ಹೋಗುತ್ತದೆ. ಈ ಕೈ ನನ್ನದು, ಬರೆಯಬೇಕಾದವಳು ನಾನು.

ಬರೆದೆ. ಹರಿದು ಹಾಕಿದೆ, ಅದು ಹರಕೆಯ ಮಾತಿನಂತಿತ್ತು. ಮತ್ತೆ ಬರೆದೆ. ಇದು ಉಳಿದದ್ದು:

"ಮೇಡಂ ಅವರಿಗೆ. ನಾನು ಕೊಡುತ್ತೇನೆ. ಯಾರೂ ಬಲವಂತ ಮಾಡಿಲ್ಲ. ಹೆದರಿಕೆ ಇದೆ. ಅವತ್ತು ಇಲ್ಲ ಎಂದದ್ದು ಸುಳ್ಳು. ನನ್ನ ಗಂಡನಂತೆ ನಾನೂ ಆಚೆಗೆ ಬರದೆ ಹೋದರೆ ಎಂಬ ಹೆದರಿಕೆ. ಅದಕ್ಕೆ ಅರಿವಳಿಕೆ ಕೊಡುವ ಡಾಕ್ಟರೊಡನೆ ಮೊದಲು ಕೂತು ಮಾತಾಡಬೇಕು, ಅವರಿಗೆ ಎಲ್ಲ ಹೇಳಬೇಕು. ಆಪರೇಷನ್ ಆದ ಮೇಲೆ ನಾನೇನು ಮಾಡಬೇಕು, ಎಷ್ಟು ದಿನ ಮಾಡಬೇಕು ಎಂಬುದನ್ನು ನನಗೇ ಹೇಳಬೇಕು. ಅದಕ್ಕಿಂತ ಕಡಿಮೆ ಮಾಡುವುದಿಲ್ಲ. ಹೆಚ್ಚೂ ಮಾಡುವುದಿಲ್ಲ."

ಲಕೋಟೆಯಲ್ಲಿ ಹಾಕಿದೆ, ಅಂಟಿಸಲಿಲ್ಲ. ತಮ್ಮನ ಹೆಂಡತಿಯೇ ಆಸ್ಪತ್ರೆಗೆ ಹೋಗುವವಳು. ದಾರಿಯಲ್ಲಿ ಓದಿದರೆ ಓದಲಿ, ಹೆದರಿಕೆಯ ಸಾಲನ್ನೂ ಓದಲಿ.

ಕೆಳಗೆ ಬಾಗಿಲ ಚಿಲಕ ತೆಗೆದ ಸದ್ದಾಯಿತು. ಹೊರಟೇಬಿಟ್ಟರು. ಒಂದು ಗಂಟೆ ಇನ್ನೂ ತುಂಬಿಲ್ಲ, ಕೂಗೋಣವೆಂದರೆ ಬಾಯಿ ತುಂಬ ಹತ್ತಿ. ಚಪ್ಪಲಿಯಿಂದ ನೆಲ ಕುಟ್ಟುತ್ತಿದ್ದೇನೆ. ಸ್ವಲ್ಪ ನಿಲ್ಲಿ. ಯಾರಾದರೂ ಒಬ್ಬರು ಮೇಲೆ ಬನ್ನಿ, ನನ್ನ ಉತ್ತರ ತೆಗೆದುಕೊಂಡು ಹೋಗಿ.